ಪಾತ್ರದ ಜೊತೆಗೆ ಬೀಗದ ಕೈಯನ್ನೂ ಕೇಳಿ

ಕೆರೆಬಿಳಚಿ ಮತ್ತು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲೂಕುಗಳ ಹೈಸ್ಕೂಲು ಮಕ್ಕಳಿಗೆ ಬಹಿರಂಗ ಪತ್ರ

ಪ್ರೀತಿಯ ಹುಡುಗರೇ, ಹುಡುಗಿಯರೇ,

ಈ ಪತ್ರ ಬರೆದಿರುವುದು ನಿಮಗೆ. ನಿಮ್ಮ ಮುಖ್ಯೋಪಾಧ್ಯಾಯರಿಗಲ್ಲ, ಎಸ್‌ಡಿಎಂಸಿಯವರಿಗಲ್ಲ, ಅಪ್ಪ ಅಮ್ಮಂದಿರಿಗೂ ಅಲ್ಲ. ಅವರೂ ಓದಲಿ, ಕೊನೆಯಲ್ಲಿ ಅವರಿಗೂ ಒಂದೆರಡು ಮಾತಿದೆ. ನಾನು ಕೇಳುತ್ತಿರುವುದು ಇಷ್ಟೆ: ನಿಮ್ಮ ಊರಿನಲ್ಲಿ ನೀವೇ ಒಂದು ನಾಟಕ ತಂಡ ಕಟ್ಟಿ, ಅದನ್ನು ನೀವೇ ನಡೆಸಿ. ಬಣ್ಣ ಹಚ್ಚಿಕೊಂಡು ಆಡುವುದು ಅದರಲ್ಲಿ ಒಂದು ಪಾಲು ಮಾತ್ರ. ಯಾವ ನಾಟಕ ಎಂದು ತೀರ್ಮಾನ ಮಾಡುವುದು, ಪಾತ್ರ ಹಂಚುವುದು, ದುಡ್ಡು ಕೂಡಿಸುವುದು, ಲೆಕ್ಕ ಬರೆಯುವುದು, ಶಾಮಿಯಾನದವರ ಹತ್ತಿರ ಚೌಕಾಸಿ ಮಾಡುವುದು, ಮಾತು ಬಿಟ್ಟವರನ್ನು ಮತ್ತೆ ಸೇರಿಸುವುದು, ನಾಟಕ ಮುಗಿದ ಮೇಲೆ ಮೈದಾನ ಗುಡಿಸುವುದು ಎಲ್ಲವೂ ನಿಮ್ಮ ಕೈಯಲ್ಲಿರಬೇಕು.

ಈಗ ಶಾಲೆಯ ನಾಟಕ ಹೇಗೆ ಆಗುತ್ತದೆ ಎಂಬುದು ನಿಮಗೆ ಗೊತ್ತು. ವಾರ್ಷಿಕೋತ್ಸವದ ದಿನ ಗೊತ್ತಾಗುತ್ತದೆ. ಹದಿನೈದು ದಿನ ಮುಂಚೆ ಮೇಷ್ಟರೊಬ್ಬರು ಒಂದು ಕಿರುನಾಟಕ ತರುತ್ತಾರೆ. ಬೇಗ ಬಾಯಿಪಾಠ ಮಾಡುವವರಿಗೆ ದೊಡ್ಡ ಪಾತ್ರ, ಉಳಿದವರಿಗೆ ಬಿಲ್ಲು ಹಿಡಿದು ನಿಲ್ಲುವ ಕೆಲಸ, ಇನ್ನೂ ಉಳಿದವರಿಗೆ ರೆಕಾರ್ಡ್ ಡ್ಯಾನ್ಸು. ಸಂಜೆಯ ನಾಟಕಕ್ಕೆ ಮಧ್ಯಾಹ್ನವೇ ಮುಖಕ್ಕೆ ಬಣ್ಣ ಬೀಳುತ್ತದೆ. ಆಮೇಲೆ ಶುರುವಾಗುತ್ತದೆ ವೇದಿಕೆ ಕಾರ್ಯಕ್ರಮ: ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ, ಶಾಲು, ಹಾರ, ನೆನಪಿನ ಕಾಣಿಕೆ, ಅತಿಥಿಗಳ ಭಾಷಣ, ಅಧ್ಯಕ್ಷರ ಭಾಷಣ. ನಿಮ್ಮ ಸರದಿ ಬರುವ ಹೊತ್ತಿಗೆ ಮುಂದೆ ಕೂತ ಪುಟಾಣಿಗಳು ನಿದ್ದೆ ಹೋಗಿರುತ್ತಾರೆ, ಅತಿಥಿಗಳು ಕಾರು ಹತ್ತಿರುತ್ತಾರೆ. ಮೇಷ್ಟರ ಮೇಲೆ ನನ್ನ ದೂರಿಲ್ಲ. ಪಾಠ, ಬಿಸಿಯೂಟ, ಗಣತಿ, ಚುನಾವಣೆ ಕೆಲಸಗಳ ನಡುವೆ ಅಷ್ಟು ಮಾಡುವುದೇ ದೊಡ್ಡದು. ಆದರೆ ಆ ಹದಿನೈದು ದಿನದಲ್ಲಿ ನಿಮ್ಮನ್ನು ಯಾರೂ ಒಂದು ಮಾತು ಕೇಳುವುದಿಲ್ಲ. ನಿಮಗೆ ಈ ಕತೆ ಇಷ್ಟವೇ, ಇದು ನಿಮ್ಮ ಊರಿನಲ್ಲಿ ನಡೆಯುವಂಥದ್ದೇ, ಇದನ್ನು ಬೇರೆ ಥರ ಮುಗಿಸಬಹುದೇ ಎಂದು ಯಾರೂ ಕೇಳುವುದಿಲ್ಲ.

ರವೀಂದ್ರನಾಥ ಟ್ಯಾಗೋರರು ಒಂದು ಗಿಳಿಯ ಕತೆ ಬರೆದಿದ್ದಾರೆ. ರಾಜ ಗಿಳಿಗೆ ವಿದ್ಯೆ ಕಲಿಸಲು ಅಪ್ಪಣೆ ಕೊಡುತ್ತಾನೆ. ಬಂಗಾರದ ಪಂಜರ ಬರುತ್ತದೆ, ಪಂಡಿತರು ಬರುತ್ತಾರೆ, ಪುಸ್ತಕಗಳ ರಾಶಿ ಬರುತ್ತದೆ, ಎಲ್ಲರ ಹೊಟ್ಟೆಯೂ ತುಂಬುತ್ತದೆ. ಗಿಳಿಯ ಬಾಯಿಗೆ ಮಾತ್ರ ಕಾಗದ ತುರುಕುತ್ತಾರೆ, ಕೊನೆಗೆ ಗಿಳಿ ಸಾಯುತ್ತದೆ. ಬಿ.ವಿ. ಕಾರಂತರು ಇದನ್ನು ‘ಪಂಜರ ಶಾಲೆ’ ಎಂಬ ಮಕ್ಕಳ ನಾಟಕವಾಗಿ ರಂಗಕ್ಕೆ ತಂದರು. ಕನ್ನಡದ ಮಕ್ಕಳ ರಂಗಭೂಮಿಯ ಮಾತು ಬಂದಾಗಲೆಲ್ಲ ಅದರ ಹೆಸರು ಬರುತ್ತದೆ. ಗಿಳಿಯನ್ನೇ ಯಾರೂ ಏನೂ ಕೇಳದ ಆ ಕತೆಯನ್ನು ನೀವು ಓದಬೇಕು.

ಕನ್ನಡದಲ್ಲಿ ಮಕ್ಕಳು ರಂಗಕ್ಕೆ ಬಂದದ್ದು ಇಂದು ನಿನ್ನೆಯಲ್ಲ. ಗುಬ್ಬಿ ವೀರಣ್ಣನವರು ಕಂಪನಿ ಸೇರಿದಾಗ ಇನ್ನೂ ಎಳೆಯ ಹುಡುಗ. ಮುತ್ತುರಾಜ್ ಎಂಬ ಹುಡುಗ ಅಪ್ಪ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಹಿಂದೆ ಅದೇ ಗುಬ್ಬಿ ಕಂಪನಿಯಲ್ಲಿ ಚಿಕ್ಕ ಚಿಕ್ಕ ಪಾತ್ರ ಮಾಡುತ್ತ ಬೆಳೆದು ಮುಂದೆ ರಾಜ್‌ಕುಮಾರ್ ಆದರು. ಕಾರಂತರು ಹುಡುಗರಾಗಿದ್ದಾಗ ಮನೆ ಬಿಟ್ಟು ಓಡಿಹೋಗಿ ಸೇರಿದ್ದೂ ಗುಬ್ಬಿ ಕಂಪನಿಯನ್ನೇ, ಮುಂದೆ ಅವರನ್ನು ಓದಲು ಬನಾರಸಿಗೆ ಕಳಿಸಿದವರೂ ವೀರಣ್ಣನವರೇ. ನಮ್ಮ ದಾವಣಗೆರೆಯನ್ನೇ ನೋಡಿ. ನಾಟಕ ಕಂಪನಿಯ ಚಿಂದೋಡಿ ವೀರಪ್ಪನವರ ಮನೆಯಲ್ಲಿ ಹುಟ್ಟಿದ ಲೀಲಾ ಚಿಕ್ಕಂದಿನಲ್ಲೇ ಬಣ್ಣ ಹಚ್ಚಿದರು, ಕಂಪನಿಯನ್ನೂ ನಡೆಸಿದರು, 1988ರಲ್ಲಿ ಪದ್ಮಶ್ರೀ ಪಡೆದರು. ಅವರ ಕೆಬಿಆರ್ ಡ್ರಾಮಾ ಕಂಪನಿ ಎಂದರೆ ನಿಮ್ಮ ಅಜ್ಜ ಅಜ್ಜಿಯರ ಮುಖ ಅರಳುತ್ತದೆ, ಕೇಳಿ ನೋಡಿ. ತಮಿಳುನಾಡಿನಲ್ಲಿ ‘ಬಾಯ್ಸ್ ಕಂಪನಿ’ಗಳೇ ಇದ್ದವು. ಎಲ್ಲ ಪಾತ್ರವೂ ಹುಡುಗರದೇ. ಎಂ.ಜಿ.ಆರ್. ಮತ್ತು ಶಿವಾಜಿ ಗಣೇಶನ್ ಅಂಥ ಕಂಪನಿಗಳಿಂದಲೇ ಬಂದವರು.

ಇಲ್ಲೆಲ್ಲ ಮಕ್ಕಳು ಆಡಿದರು. ಆದರೆ ಕಂಪನಿಯ ಪೆಟ್ಟಿಗೆಯ ಬೀಗದ ಕೈ ದೊಡ್ಡವರ ಸೊಂಟದಲ್ಲಿತ್ತು. ಆಮೇಲೆ ಬಂದ ಮಕ್ಕಳ ರಂಗಭೂಮಿ ಬೇರೆ ಮನಸ್ಸಿನದು, ಅದರ ಮೇಲೆ ನನಗೆ ತುಂಬಾ ಗೌರವವಿದೆ. ಪ್ರೇಮಾ ಕಾರಂತರು 1979ರಲ್ಲಿ ಬೆನಕ ಮಕ್ಕಳ ಕೇಂದ್ರ ಕಟ್ಟಿದರು. ಮೈಸೂರಿನ ರಂಗಾಯಣ ಬೇಸಿಗೆಯಲ್ಲಿ ಚಿಣ್ಣರ ಮೇಳ ನಡೆಸುತ್ತದೆ. ವೈದೇಹಿಯವರು ಶೇಕ್ಸ್‌ಪಿಯರನ ಟೆಂಪೆಸ್ಟನ್ನು ‘ಧಾಂ ಧೂಂ ಸುಂಟರಗಾಳಿ’ಯಾಗಿ ಮಕ್ಕಳ ಕೈಗೆ ಕೊಟ್ಟರು. ಪಕ್ಕದ ಹೊಸದುರ್ಗ ತಾಲೂಕಿನ ಸಾಣೇಹಳ್ಳಿಯನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ಅಲ್ಲಿಂದ 1997ರಲ್ಲಿ ಹೊರಟ ಶಿವಸಂಚಾರ ಪ್ರತಿ ವರ್ಷ ಹೊಸ ನಾಟಕಗಳನ್ನು ಹೊತ್ತು ನಾಡು ಸುತ್ತುತ್ತದೆ. ಆ ಚಿಕ್ಕ ಹಳ್ಳಿಯಲ್ಲಿ ಕಲ್ಲು ಮೆಟ್ಟಿಲುಗಳ ಬಯಲು ರಂಗಮಂದಿರವಿದೆ, ನವೆಂಬರಿನಲ್ಲಿ ನಾಟಕೋತ್ಸವವಿದೆ, ಶಾಲೆಯ ಮಕ್ಕಳು ಆಡುತ್ತಾರೆ, ಹಾಡುತ್ತಾರೆ. ಹಳ್ಳಿಯಲ್ಲಿ ನಾಟಕಕ್ಕೆ ಏನು ಸಾಧ್ಯ ಎಂದು ಕೇಳುವವರಿಗೆ ಸಾಣೇಹಳ್ಳಿ ತೋರಿಸಿ. ಹೆಗ್ಗೋಡನ್ನೂ ತೋರಿಸಿ. ಅಲ್ಲಿ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಹುಟ್ಟಿದ್ದು 1949ರಲ್ಲಿ. ಅದನ್ನು ಮುಂದೆ ದೇಶವೇ ನೋಡುವಂತೆ ಬೆಳೆಸಿದ ಕೆ.ವಿ. ಸುಬ್ಬಣ್ಣ ಆಗ ಹದಿನೇಳರ ಹುಡುಗ, ನಿಮಗಿಂತ ಎರಡು ಮೂರು ವರ್ಷ ದೊಡ್ಡವರು ಅಷ್ಟೆ.

ಆದರೂ ಮಕ್ಕಳೇ ನಡೆಸುವ ತಂಡ ನಮ್ಮಲ್ಲಿ ಅಪರೂಪ. ‘ಮಕ್ಕಳಿಗೆ ಅಷ್ಟೆಲ್ಲ ಆಗುತ್ತದೆಯೇ’ ಎಂದು ದೊಡ್ಡವರು ಕೇಳುತ್ತಾರೆ. ಅದಕ್ಕೆ ಉತ್ತರ ನಮ್ಮ ರಾಜ್ಯದಲ್ಲೇ ಇದೆ. ನಾಟಕದ ಉದಾಹರಣೆ ಅಲ್ಲ, ಅದಕ್ಕಿಂತ ಕಷ್ಟದ್ದು. 1990ರಲ್ಲಿ ಕರ್ನಾಟಕದ ದುಡಿಯುವ ಮಕ್ಕಳು ‘ಭೀಮ ಸಂಘ’ ಎಂಬ ತಮ್ಮದೇ ಸಂಘಟನೆ ಕಟ್ಟಿಕೊಂಡರು. 1995ರ ಹೊತ್ತಿಗೆ ಕುಂದಾಪುರ ತಾಲೂಕಿನ ಕೆರಾಡಿಯಲ್ಲಿ ಮಕ್ಕಳ ಪಂಚಾಯತಿ ಬಂತು. ಮಕ್ಕಳೇ ಮತ ಹಾಕಿ ಮಕ್ಕಳನ್ನೇ ಆರಿಸಿದರು, ಊರಿನ ತೊಂದರೆಗಳನ್ನು ತಾವೇ ಪಟ್ಟಿ ಮಾಡಿ ದೊಡ್ಡವರ ಪಂಚಾಯತಿಯ ಮುಂದೆ ಇಟ್ಟರು. ಬೆನ್ನಿಗೆ ಒಂದು ಸಂಸ್ಥೆ ಇತ್ತು, ನಿಜ. ಆದರೆ ಮಾತು ಮಕ್ಕಳದಾಗಿತ್ತು. ಆ ದಾರಿಯಲ್ಲೇ ಮುಂದೆ ರಾಜ್ಯದ ಎಲ್ಲ ಗ್ರಾಮ ಪಂಚಾಯತಿಗಳೂ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಸರ್ಕಾರವೇ ಹೇಳಿತು. ನಿಮ್ಮ ಪಂಚಾಯತಿಯಲ್ಲೂ ಅದು ನಡೆಯಬೇಕು. ಊಟದ ತಟ್ಟೆ ತೊಳೆಯುವುದರಿಂದ ಹಿಡಿದು ಕಲ್ಲು ಹೊರುವವರೆಗೆ ದುಡಿಯುತ್ತಿದ್ದ ಮಕ್ಕಳು ಚುನಾವಣೆ ನಡೆಸಬಲ್ಲವರಾದರೆ ನೀವು ಒಂದು ನಾಟಕ ನಡೆಸಲಾರಿರಾ?

ಕೆರಾಡಿಯಿಂದ ಬಂದ ಇನ್ನೊಂದು ಒಳ್ಳೆಯ ಪದ್ಧತಿ ‘ಮಕ್ಕಳ ಮಿತ್ರ’. ಕಷ್ಟ ಬಂದಾಗ ಯಾರ ಹತ್ತಿರ ಹೋಗಬೇಕು ಎಂಬ ದೊಡ್ಡವರೊಬ್ಬರನ್ನು ಮಕ್ಕಳೇ ಆರಿಸಿಕೊಳ್ಳುವುದು. ನೀವೂ ಹಾಗೆ ಮಾಡಿ. ನಿಮ್ಮ ತಂಡಕ್ಕೆ ಒಬ್ಬ ದೊಡ್ಡವರು ಬೇಕೇ ಬೇಕು, ಆದರೆ ಆರಿಸುವವರು ನೀವು. ಅವರು ನಿರ್ದೇಶನ ಮಾಡುವಂತಿಲ್ಲ, ಪಾತ್ರ ಹಂಚುವಂತಿಲ್ಲ. ಕರೆಂಟಿನ ವೈರು ಮುಟ್ಟುವ ಕೆಲಸ, ಪಕ್ಕದ ಊರಿಗೆ ಹೋಗುವಾಗ ಜೊತೆಗಿರುವ ಕೆಲಸ, ಯಾರಾದರೂ ನಿಮ್ಮನ್ನು ಕಾಡಿದರೆ ಎದುರು ನಿಲ್ಲುವ ಕೆಲಸ ಅವರದು. ಅವರು ಊರಿನ ಟೈಲರ್ ಆಗಿರಬಹುದು, ಆಶಾ ಕಾರ್ಯಕರ್ತೆ ಆಗಿರಬಹುದು, ಗ್ರಂಥಾಲಯದವರಾಗಿರಬಹುದು.

ದೂರದ ಒಂದು ಕತೆಯನ್ನೂ ಹೇಳಿಬಿಡುತ್ತೇನೆ. 1918ರಲ್ಲಿ ರಷ್ಯಾದ ಓರ್ಯೋಲ್ ಎಂಬ ಊರಿನಲ್ಲಿ ಯುದ್ಧದಿಂದ ಅನಾಥರಾದ ಮಕ್ಕಳು ಬೀದಿಯಲ್ಲಿ ಗುಂಪು ಕಟ್ಟಿಕೊಂಡು ಅಲೆಯುತ್ತಿದ್ದರು. ಆಸ್ಯಾ ಲಾತ್ಸಿಸ್ ಎಂಬ ನಾಟಕಗಾರ್ತಿ ಅವರಿಗಾಗಿ ರಂಗಶಾಲೆ ತೆರೆದರು. ಮೊದಲ ದಿನವೇ ನಾಟಕದ ಪುಸ್ತಕ ಕೊಟ್ಟು ಬಾಯಿಪಾಠ ಮಾಡಿಸಲಿಲ್ಲ. ಚಿತ್ರ ಬರೆಯಲು ಕೊಟ್ಟರು, ಸದ್ದು ಮಾಡಲು ಬಿಟ್ಟರು, ಕತೆ ಕಟ್ಟಲು ಬಿಟ್ಟರು. ಎಲ್ಲ ಕೂಡಿ ನಾಟಕವಾದಾಗ ಮಕ್ಕಳು ಅದನ್ನು ಹೊತ್ತುಕೊಂಡು ಊರಿನ ಬೀದಿಗೇ ಹೊರಟರು. ಹತ್ತು ವರ್ಷದ ಮೇಲೆ ಜರ್ಮನಿಯ ಚಿಂತಕ ವಾಲ್ಟರ್ ಬೆಂಜಮಿನ್ ಆ ಅನುಭವದ ಬಲದ ಮೇಲೆಯೇ ಮಕ್ಕಳ ರಂಗಭೂಮಿಯ ಬಗ್ಗೆ ಒಂದು ಪ್ರಬಂಧ ಬರೆದ.

ನೀವು ಎಲ್ಲಿಂದ ಶುರು ಮಾಡಬೇಕು? ನಿಮ್ಮ ಕೆರೆಯಿಂದ.

ಸೂಳೆಕೆರೆಯ ಸುತ್ತಳತೆ ಸುಮಾರು 65 ಕಿಲೋಮೀಟರ್ ಎನ್ನುತ್ತಾರೆ. ಎರಡು ಗುಡ್ಡಗಳ ನಡುವೆ ಒಂದು ಚಿಕ್ಕ ಏರಿ ಹಾಕಿ ಅಷ್ಟು ನೀರು ನಿಲ್ಲಿಸಿದ್ದಾರೆ. ಅದರಿಂದ ಹೊರಟ ಹರಿದ್ರಾ ಹೊಳೆ ಹರಿಹರದಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಆ ಕೆರೆಯ ನೀರು ಚಿತ್ರದುರ್ಗದ ನಲ್ಲಿಗೂ ಹೋಗುತ್ತದೆ. ಕೆರೆ ಕಟ್ಟಿಸಿದ ರಾಜಕುಮಾರಿ ಶಾಂತವ್ವನ ಕತೆ ನಿಮ್ಮ ಸುತ್ತಲ ಊರುಗಳಲ್ಲಿ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಬಗೆ ಇದೆ. ಅಪ್ಪ ಅವಳ ಮೇಲೆ ಅಪವಾದ ಹೊರಿಸಿದ, ಅದನ್ನು ತೊಳೆದುಕೊಳ್ಳಲು ಅವಳು ಕೆರೆ ಕಟ್ಟಿಸಿದಳು ಎನ್ನುತ್ತಾರೆ. ಕೆರೆಗೆ ಬೇಕಾದ ಜಾಗದಲ್ಲಿ ವೇಶ್ಯೆಯರ ಕೇರಿ ಇತ್ತು, ಕೆರೆಗೆ ತಮ್ಮ ಹೆಸರು ಇಡುವುದಾದರೆ ಮಾತ್ರ ಜಾಗ ಬಿಡುತ್ತೇವೆಂದು ಆ ಹೆಂಗಸರು ಹೇಳಿದರು ಎನ್ನುತ್ತಾರೆ. ಇದಕ್ಕಿಂತ ದೊಡ್ಡ ನಾಟಕ ಬೇಕೇ? ಅಪ್ಪನ ಮುಂದೆ ನಿಂತ ಮಗಳು ಏನು ಹೇಳಿದಳು? ನೆಲ ಬಿಟ್ಟು ಹೊರಟ ಹೆಂಗಸರು ಎಲ್ಲಿಗೆ ಹೋದರು? ಅವರಲ್ಲಿ ಬಿಡುವುದಿಲ್ಲ ಎಂದವರು ಯಾರೂ ಇರಲಿಲ್ಲವೇ? ಕಲ್ಲು ಹೊತ್ತವರು, ಮಣ್ಣು ಅಗೆದವರು ಅವರ ಬಗ್ಗೆ ಏನು ಮಾತಾಡಿಕೊಂಡರು? ಕತೆಯಲ್ಲಿ ಇದೊಂದೂ ಇಲ್ಲ. ನೀವು ಬರೆಯಬೇಕು. ‘ಮಕ್ಕಳು ಇಂಥ ಕತೆ ಆಡಬಹುದೇ’ ಎಂದು ಖಂಡಿತ ಯಾರಾದರೂ ಕೇಳುತ್ತಾರೆ. ಆ ಕೆರೆಯ ಹೆಸರನ್ನು ನೀವು ಅಂಗನವಾಡಿಯಿಂದ ಕೇಳಿಕೊಂಡು ಬಂದಿದ್ದೀರಿ. ತಮ್ಮ ನೆಲವನ್ನು ಬಿಟ್ಟುಕೊಟ್ಟು ಊರಿಗೆಲ್ಲ ನೀರಾದ ಹೆಂಗಸರ ಮಾತನ್ನು ನಿಮ್ಮ ವಯಸ್ಸಿನ ಹುಡುಗಿಯರು ಗೌರವದಿಂದ ಆಡಿದರೆ ಅದರಲ್ಲಿ ತಪ್ಪೇನಿದೆ ಎಂದು ಸಮಾಧಾನವಾಗಿ ಕೇಳಿ.

ಕೆರೆಯಿಂದ ಸಂತೇಬೆನ್ನೂರು ದೂರವೇನಲ್ಲ. ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ ಪುಷ್ಕರಣಿ, ಅದರ ನಡುವೆ ವಸಂತ ಮಂಟಪ, ದಡದಲ್ಲಿ ಬಿಜಾಪುರದ ರಣದುಲ್ಲಾ ಖಾನನ ಕಾಲದ ಮುಸಾಫಿರ್‌ಖಾನೆ. ಒಂದೇ ನೀರಿನಲ್ಲಿ ಎರಡೂ ಕಟ್ಟಡಗಳ ನೆರಳು ಬೀಳುತ್ತದೆ. ಒಂದು ಭಾನುವಾರ ಬುತ್ತಿ ಕಟ್ಟಿಕೊಂಡು ಹೋಗಿ, ಮೆಟ್ಟಿಲ ಮೇಲೆ ಕೂತು ಅಲ್ಲಿಯೇ ಒಂದು ದೃಶ್ಯ ಬರೆದು ನೋಡಿ. ನ್ಯಾಮತಿಯವರಿಗೆ ಸೂರಗೊಂಡನಕೊಪ್ಪ ಇದೆ, ಸಂತ ಸೇವಾಲಾಲರ ಹುಟ್ಟೂರು. ಫೆಬ್ರವರಿಯಲ್ಲಿ ದೇಶದ ಮೂಲೆ ಮೂಲೆಯಿಂದ ಬರುವ ಬಂಜಾರರ ಹಾಡು ಕುಣಿತಗಳನ್ನು ನೋಡಿದ ತಾಂಡಾದ ಮಕ್ಕಳಿಗೆ ರಂಗಸಂಗೀತ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಹೊನ್ನಾಳಿಯವರಿಗೆ ಹೊಳೆ ಇದೆ, ಮಳೆಗಾಲದಲ್ಲಿ ಮನೆ ಬಾಗಿಲಿಗೇ ಬರುವ ಹೊಳೆ. ಜಗಳೂರಿನವರಿಗೆ ಬಯಲಾಟ ಇದೆ, ಮಳೆಯ ದಾರಿ ಕಾಯುವ ನೆಲ ಇದೆ, ದುಡಿಯಲು ಊರು ಬಿಟ್ಟು ಹೋದ ಅಪ್ಪಂದಿರ ಫೋನುಗಳಿವೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರೆಯಾಯಿತು. ಆಡಳಿತ ಒಂದಾದರೂ ಮಾತಿನ ಧಾಟಿ, ಊಟ, ಜಾತ್ರೆ, ಹಾಡು ಬೇರೆ ಬೇರೆಯಾಗಿಯೇ ಉಳಿದಿವೆ. ನಾಲ್ಕು ತಾಲೂಕಿನ ನಾಲ್ಕು ತಂಡಗಳು ಒಂದರ ಊರಿಗೆ ಒಂದು ಹೋಗಿ ಆಡಿದರೆ ಹೇಗಿರುತ್ತದೆ ಯೋಚಿಸಿ.

ಭಾಷೆಯ ಮಾತು. ಕೆರೆಬಿಳಚಿಯಂಥ ಊರಿನಲ್ಲಿ ಮನೆಯಲ್ಲಿ ದಖನಿ ಉರ್ದು ಆಡುವ ಮಕ್ಕಳಿದ್ದಾರೆ, ಕನ್ನಡ ಆಡುವವರಿದ್ದಾರೆ, ಸುತ್ತಲ ತಾಂಡಾಗಳಲ್ಲಿ ಲಂಬಾಣಿ ಆಡುವವರಿದ್ದಾರೆ. ಕ್ಲಾಸಿನಲ್ಲಿ ಪುಸ್ತಕದ ಕನ್ನಡ ಬಾರದೆ ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿ ಕೂರುವ ಹುಡುಗ ಮನೆಗೆ ಹೋದರೆ ನಾನಿಯ ನಕಲು ಮಾಡಿ ಕೇರಿಯನ್ನೆಲ್ಲ ನಗಿಸುತ್ತಾನೆ. ಅವನಿಗೆ ನಾನಿಯ ಪಾತ್ರ ಕೊಡಿ, ಅವಳ ಮಾತಿನಲ್ಲೇ ಆಡಲಿ. ಊರೇ ಮೂರು ಮಾತು ಆಡುವಾಗ ನಾಟಕವೇಕೆ ಒಂದರಲ್ಲಿ ಆಡಬೇಕು? ನೋಡುವವರಿಗೆ ಎಲ್ಲ ಅರ್ಥವಾಗುತ್ತದೆ, ದಿನಾ ಸಂತೆಯಲ್ಲಿ ಅರ್ಥವಾಗುವುದಿಲ್ಲವೇ? ನಮ್ಮ ಕಂಪನಿ ನಾಟಕಗಳು ಪರದೆಯ ವೈಭವವನ್ನೂ ಹಾಡಿನ ಮಟ್ಟುಗಳನ್ನೂ ಉರ್ದು ಆಡುತ್ತಿದ್ದ ಪಾರ್ಸಿ ಕಂಪನಿಗಳಿಂದ ಧಾರಾಳವಾಗಿ ಕಲಿತವು. ಬೀಳಗಿಯ ಗೋಹರಬಾಯಿ, ಅಮೀರಬಾಯಿ ಎಂಬ ಅಕ್ಕತಂಗಿಯರು ಹಾಡಿನಿಂದ, ಅಭಿನಯದಿಂದ ಮುಂಬಯಿಯವರೆಗೆ ಹೆಸರಾಗಿ, ಕರ್ನಾಟಕಿ ಎಂದೇ ಕರೆಸಿಕೊಂಡರು. ಸಲ್ಮಾ, ಶಬೀನಾ ಎಂಬ ಹೆಸರಿನ ಹುಡುಗಿಯರಿಗೆ ರಂಗ ಪರಸ್ಥಳವಲ್ಲ.

ಹುಡುಗಿಯರ ಮಾತಿಗೆ ಬಂದೆ, ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನಮ್ಮ ಕಡೆಯ ಹಳ್ಳಿ ನಾಟಕದಲ್ಲಿ ಗಂಡಸರು ಊರಿನವರು, ಹೆಣ್ಣು ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರು. ಆ ಕಲಾವಿದೆಯರು ದೊಡ್ಡವರು, ಒಂದೆರಡು ತಾಲೀಮಿನಲ್ಲೇ ಇಡೀ ರಾತ್ರಿ ನಾಟಕ ಎತ್ತಿ ನಿಲ್ಲಿಸುತ್ತಾರೆ, ಅವರಿಗೆ ಊರು ಕೊಡುವ ಮರ್ಯಾದೆ ಸಾಲದು. ಆದರೆ ಊರಿನ ಹೆಣ್ಣುಮಕ್ಕಳು ಚಾಪೆಯ ಮೇಲೆ ಕೂತು ನೋಡುವವರಾಗಿಯೇ ಉಳಿದರು. ಏಳನೆಯ ತರಗತಿಯವರೆಗೆ ಕುಣಿದ ಹುಡುಗಿ ಎಂಟಕ್ಕೆ ಬಂದ ಕೂಡಲೇ ‘ಇನ್ನು ಸಾಕು’ ಎನ್ನಿಸಿಕೊಳ್ಳುತ್ತಾಳೆ. ನಿಮ್ಮ ತಂಡ ಈ ಪದ್ಧತಿಯನ್ನು ಮುಂದುವರಿಸಿದರೆ ಅದನ್ನು ಹೊಸ ತಂಡ ಎಂದು ನಾನು ಒಪ್ಪುವುದಿಲ್ಲ.

ತಾಲೀಮು ಕೊನೆಯ ಗಂಟೆ ಹೊಡೆದ ಮೇಲೆ ಶಾಲೆಯ ಅಂಗಳದಲ್ಲೇ ಇರಲಿ, ಹೊತ್ತು ಮುಳುಗುವ ಮುಂಚೆ ಮುಗಿಯಲಿ. ನಾಟಕವೂ ಹಗಲಿನಲ್ಲೇ, ಸಂಜೆ ನಾಲ್ಕರ ಬಿಸಿಲಿನಲ್ಲಿ ಆಡಿ. ಲೈಟಿನ ಖರ್ಚು ಉಳಿಯುತ್ತದೆ, ಹುಡುಗಿಯರ ಮನೆಯವರ ಅರ್ಧ ಚಿಂತೆಯೂ ಇಳಿಯುತ್ತದೆ. ಯಾವ ಅಮ್ಮ ಬಂದರೂ ಯಾವ ದಿನ ಬಂದರೂ ತಾಲೀಮು ನೋಡಲು ಬಾಗಿಲು ತೆರೆದಿರಲಿ. ರಂಗ ಹತ್ತುವುದು ಬೇಡ ಎಂದು ಮನೆಯಲ್ಲಿ ಖಡಾಖಂಡಿತ ಹೇಳಿದ ಹುಡುಗಿ ನಾಟಕ ಬರೆಯಲಿ, ನಿರ್ದೇಶನ ಮಾಡಲಿ, ತಮಟೆ ಬಾರಿಸಲಿ, ಖಜಾನೆ ನೋಡಿಕೊಳ್ಳಲಿ. ಆದರೆ ಹಾಗೆ ಒಂದು ಮೂಲೆ ಕೊಟ್ಟುಬಿಟ್ಟೆವಲ್ಲ ಎಂದು ಸುಮ್ಮನಾಗಬೇಡಿ. ಮುಂದಿನ ವರ್ಷ ಅವಳ ಮನೆಗೆ ಮತ್ತೆ ಹೋಗಿ, ಎಲ್ಲರೂ ಒಟ್ಟಾಗಿ ಹೋಗಿ ಕೇಳಿ.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ಡ್ರೆಸ್ ಬಾಡಿಗೆ ತರಬೇಡಿ. ಹೊಳೆಯುವ ಕಿರೀಟ ಯಾವ ಊರಿನದೋ ಆಗಿರುತ್ತದೆ. ಚನ್ನಗಿರಿ ಸೀಮೆಯಲ್ಲಿ ಕಾಲಿಗೆ ತೊಡರುವಷ್ಟು ಅಡಿಕೆ ಹಾಳೆ ಬಿದ್ದಿರುತ್ತದೆ. ನೆನೆಸಿ ಬಗ್ಗಿಸಿದರೆ ಕಿರೀಟ, ಕಣ್ಣು ಕೊರೆದರೆ ಮುಖವಾಡ, ಎರಡು ಸೇರಿಸಿ ಹೊಲಿದರೆ ಎದೆಗವಚ. ಗೋಣಿಚೀಲ, ಹಳೆಯ ಸೀರೆ, ಮೆಕ್ಕೆಜೋಳದ ಸಿಪ್ಪೆ, ಇದ್ದಲು, ಕೆಮ್ಮಣ್ಣು ಇವಿಷ್ಟಿದ್ದರೆ ಸಾಕು. ನಿಮ್ಮ ಊರ ಮುಖಂಡರು ಹಣ ಕೊಡಲು ಮುಂದೆ ಬರುತ್ತಾರೆ, ಬದಲಿಗೆ ರಂಗದ ಹಿಂದೆ ತಮ್ಮ ಫೋಟೋ ಇರುವ ಫ್ಲೆಕ್ಸ್ ಕೇಳುತ್ತಾರೆ. ನಯವಾಗಿ ಬೇಡ ಎನ್ನಿ. ಮನೆಗೆ ಐದು ರೂಪಾಯಿ ಎತ್ತಿ, ಕೊಟ್ಟವರ ಹೆಸರು ಬರೆಯಿರಿ, ಖರ್ಚಿನ ಲೆಕ್ಕವನ್ನು ನಾಟಕದ ದಿನ ರಂಗದ ಮೇಲೆ ನಿಂತು ಎಲ್ಲರಿಗೂ ಕೇಳುವಂತೆ ಓದಿ. ದೊಡ್ಡವರ ಎಷ್ಟೋ ಸಂಘಗಳು ಮಾಡದ ಕೆಲಸ ಅದು.

ನಾಟಕ ಬರೆಯುವುದು ಮೊದಲ ವರ್ಷ ಕಷ್ಟವೆನಿಸಿದರೆ ಇರುವುದನ್ನೇ ಆರಿಸಿಕೊಳ್ಳಿ. ಕೈಲಾಸಂ ಅವರ ನಾಟಕಗಳನ್ನೇ ನೋಡಿ, ಅವರು 1946ರಲ್ಲಿ ತೀರಿಕೊಂಡವರು. ಲೇಖಕರು ತೀರಿಕೊಂಡು ಅರವತ್ತು ವರ್ಷ ಕಳೆದ ಮೇಲೆ ಅವರ ಕೃತಿಗೆ ಯಾರ ಅನುಮತಿಯೂ ಬೇಕಿಲ್ಲ. ಬದುಕಿರುವ ಲೇಖಕರದಾದರೆ ಒಂದು ಪತ್ರ ಬರೆದು ಕೇಳಿ. ಮಕ್ಕಳು ಕೇಳಿದರೆ ಇಲ್ಲ ಎನ್ನುವ ಕನ್ನಡ ಲೇಖಕರು ಕಡಿಮೆ. ಅನುಮತಿ ಕೇಳುವುದನ್ನು ಈ ವಯಸ್ಸಿನಲ್ಲೇ ಅಭ್ಯಾಸ ಮಾಡಿಕೊಳ್ಳಿ.

ಆಡುವ ಜಾಗವನ್ನು ಶಾಲೆಯ ಅಂಗಳಕ್ಕೆ ಮಾತ್ರ ಸೀಮಿತ ಮಾಡಬೇಡಿ. ಅಡಿಕೆ ಸುಗ್ಗಿಯಲ್ಲಿ ನಿಮ್ಮ ಅಮ್ಮ, ಅಕ್ಕಂದಿರು ಸಾಲಾಗಿ ಕೂತು ಅಡಿಕೆ ಸುಲಿಯುತ್ತಾರಲ್ಲ, ಅಲ್ಲಿಗೇ ಹೋಗಿ ಆಡಿ. ಕೈ ಕೆಲಸ ಮಾಡುತ್ತಿರುತ್ತದೆ, ಕಣ್ಣು ಕಿವಿ ನಿಮ್ಮ ಮೇಲಿರುತ್ತದೆ. ಶಾಲೆಯ ಕಾರ್ಯಕ್ರಮಕ್ಕೆ ಬರಲು ಬಿಡುವಿಲ್ಲದ ತಾಯಂದಿರು ಅವರೇ. ಹಲವು ಊರುಗಳಲ್ಲಿ ಪಂಚಾಯತಿ ಕಟ್ಟಿಸಿದ ಬಯಲು ರಂಗಮಂದಿರ ಇರುತ್ತದೆ, ಅಲ್ಲಿ ಮೆಕ್ಕೆಜೋಳ ಒಣಗುತ್ತಿರುತ್ತದೆ, ಹಿಂದಿನ ಕೋಣೆಗೆ ಬೀಗ ಬಿದ್ದಿರುತ್ತದೆ. ಮಕ್ಕಳ ಗ್ರಾಮಸಭೆಯಲ್ಲಿ ಎದ್ದು ನಿಂತು ಆ ಬೀಗದ ಕೈ ಕೇಳಿ. ವಾರದಲ್ಲಿ ಮೂರು ಸಂಜೆ ಅದು ನಿಮಗೆ ಬೇಕೆಂದು ಅರ್ಜಿ ಬರೆದು, ಎಲ್ಲರೂ ಸಹಿ ಹಾಕಿ, ಸ್ವೀಕೃತಿ ಪಡೆಯಿರಿ.

ಎಲ್ಲಕ್ಕಿಂತ ಕಷ್ಟದ್ದು ಇನ್ನೊಂದಿದೆ, ಅದು ದುಡ್ಡೂ ಅಲ್ಲ, ಜಾಗವೂ ಅಲ್ಲ. ಹೈಸ್ಕೂಲಿನಲ್ಲಿ ನೀವಿರುವುದು ಮೂರೇ ವರ್ಷ. ಎಂಟರಲ್ಲಿ ಬಂದವರು ನೋಡಿ ಕಲಿಯುವಷ್ಟರಲ್ಲಿ ಒಂಬತ್ತಕ್ಕೆ ಬರುತ್ತೀರಿ, ಒಂಬತ್ತರಲ್ಲಿ ಕೈ ಪಳಗುವಷ್ಟರಲ್ಲಿ ಎಸ್‌ಎಸ್‌ಎಲ್‌ಸಿ ಬರುತ್ತದೆ. ದೊಡ್ಡವರ ತಂಡದಲ್ಲಿ ಒಬ್ಬರೇ ಮೂವತ್ತು ವರ್ಷ ಅಧ್ಯಕ್ಷರಾಗಿರಬಹುದು. ನಿಮ್ಮಲ್ಲಿ ಅದು ಸಾಧ್ಯವೇ ಇಲ್ಲ. ಅದು ನಿಮ್ಮ ಕಷ್ಟ, ಅದೇ ನಿಮ್ಮ ಭಾಗ್ಯ ಕೂಡ, ಯಾರೂ ಕುರ್ಚಿಗೆ ಅಂಟಿಕೊಳ್ಳಲಾರರು. ಹಾಗಾಗಿ ವರ್ಷದ ಲೆಕ್ಕ ಹೀಗೆ ಹಾಕಿ. ಜೂನಿನಲ್ಲಿ ಶಾಲೆ ತೆರೆದ ಕೂಡಲೇ ಸಭೆ ಸೇರಿ. ಮಳೆಗಾಲವಿಡೀ ಕತೆ ಕೂಡಿಸಿ, ಬರೆಯಿರಿ, ಆಡಿ ನೋಡಿ. ದಸರಾ ರಜೆಯಲ್ಲಿ ಕಿರೀಟ, ಮುಖವಾಡ, ಹಾಡು. ನವೆಂಬರ್ 14ರ ಸುತ್ತಮುತ್ತ ನಾಟಕ. ಅದರ ಮರುವಾರವೇ ಹತ್ತನೆಯವರು ಪೆಟ್ಟಿಗೆ, ಲೆಕ್ಕ, ಬೀಗದ ಕೈ ಎಲ್ಲವನ್ನೂ ಒಂಬತ್ತನೆಯವರಿಗೆ ಒಪ್ಪಿಸಿ ಓದಲು ಕೂರಲಿ. ಹೀಗೆ ಮಾಡಿದರೆ ‘ನಾಟಕದಿಂದ ಪರೀಕ್ಷೆ ಹಾಳಾಯಿತು’ ಎನ್ನಲು ಯಾರಿಗೂ ಬಾಯಿರುವುದಿಲ್ಲ.

ಒಪ್ಪಿಸುವಾಗ ಜೊತೆಗೆ ಒಂದು ದಪ್ಪ ನೋಟ್‌ಬುಕ್ಕನ್ನೂ ಕೊಡಿ. ಅದರಲ್ಲಿ ಹೊಗಳಿಕೆ ಬೇಡ, ನಡೆದದ್ದು ಇರಲಿ. ಶಾಮಿಯಾನಕ್ಕೆ ಎಷ್ಟು ಕೇಳಿದರು, ಎಷ್ಟಕ್ಕೆ ಇಳಿದರು. ಯಾವ ದೃಶ್ಯದಲ್ಲಿ ಜನ ಮಾತಾಡಲು ಶುರು ಮಾಡಿದರು. ಯಾರ ಮನೆಯವರನ್ನು ಹೇಗೆ ಒಪ್ಪಿಸಿದಿರಿ. ರಾಜನ ಪಾತ್ರಕ್ಕಾಗಿ ಜಗಳವಾದಾಗ ಹೇಗೆ ಮುಗಿಯಿತು. ಜಗಳ ಆಗುತ್ತದೆ, ಅದಕ್ಕೆ ಹೆದರಬೇಡಿ. ಹಳ್ಳಿ ನಾಟಕಗಳಲ್ಲಿ ಹೆಚ್ಚು ದುಡ್ಡು ಹಾಕಿದವರಿಗೆ ದೊಡ್ಡ ಪಾತ್ರ ಹೋಗುವುದುಂಟು. ನಿಮ್ಮಲ್ಲಿ ದುಡ್ಡೂ ನಡೆಯಬಾರದು, ಜಾತಿಯೂ ನಡೆಯಬಾರದು, ಕ್ಲಾಸ್ ಲೀಡರ್ ಆಗಿರುವುದೂ ನಡೆಯಬಾರದು. ಪಾತ್ರ ಬೇಕೆಂದವರೆಲ್ಲ ಎಲ್ಲರ ಎದುರು ಓದಿ ತೋರಿಸಲಿ, ಚೀಟಿಯಲ್ಲಿ ಮತ ಹಾಕಿ. ಸೋತವರಿಗೆ ನೋವಾಗುತ್ತದೆ. ಆ ಸಂಜೆ ಅವರ ಜೊತೆ ಮನೆಯವರೆಗೆ ನಡೆದು ಹೋಗಿ.

ಈಗ ದೊಡ್ಡವರಿಗೆ. ಮಕ್ಕಳ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ 1989ರಲ್ಲಿ ಒಡಂಬಡಿಕೆ ಮಾಡಿತು, 1992ರಲ್ಲಿ ಭಾರತ ಅದನ್ನು ಒಪ್ಪಿತು. ಮಕ್ಕಳು ಸಂಘ ಕಟ್ಟಿಕೊಳ್ಳಬಹುದು ಎಂದು ಅದರ 15ನೇ ವಿಧಿ ಹೇಳುತ್ತದೆ. ಆಟದಲ್ಲೂ ಕಲೆಯಲ್ಲೂ ಪಾಲ್ಗೊಳ್ಳುವುದು ಅವರ ಹಕ್ಕು ಎಂದು 31ನೇ ವಿಧಿ ಹೇಳುತ್ತದೆ. ಮಕ್ಕಳು ನಾಟಕ ಆಡುತ್ತೇವೆಂದು ಬಂದಾಗ ನೀವು ಕೊಡುವ ಒಪ್ಪಿಗೆ ನಿಮ್ಮ ಔದಾರ್ಯವಲ್ಲ, ಈ ದೇಶ ಕೊಟ್ಟ ಮಾತು. ಮುಖ್ಯೋಪಾಧ್ಯಾಯರಲ್ಲಿ ನನ್ನ ಕೈಮುಗಿದ ವಿನಂತಿ: ಒಂದು ಕೋಣೆ, ಒಂದು ಪೆಟ್ಟಿಗೆ, ಸಂಜೆಯ ಒಂದು ಗಂಟೆ ಕೊಡಿ. ಮೊದಲ ನಾಟಕ ಚೆನ್ನಾಗಿ ಬರದೇ ಇರಬಹುದು. ಮಾತು ಮರೆಯುತ್ತಾರೆ, ಪರದೆ ಸಿಕ್ಕಿಕೊಳ್ಳುತ್ತದೆ, ಬೆನ್ನು ತಿರುಗಿಸಿ ನಿಲ್ಲುತ್ತಾರೆ. ಆಗ ನುಗ್ಗಿ ಸರಿ ಮಾಡಲು ಕೈ ತುರಿಸುತ್ತದೆ, ತಡೆದುಕೊಳ್ಳಿ. ಪಂಚಾಯತಿಯವರಲ್ಲಿ ಕೇಳುವುದು: ಅವರ ಅರ್ಜಿಗೆ ಬರಹದಲ್ಲಿ ಉತ್ತರ ಕೊಡಿ, ದೊಡ್ಡವರ ಅರ್ಜಿಗೆ ಕೊಡುವ ಹಾಗೆಯೇ. ಮತ್ತೆ ಎಲ್ಲರಲ್ಲೂ ಒಂದು ಮಾತು, ನಾಟಕಕ್ಕೆ ಮುಂಚೆ ಸನ್ಮಾನ ಬೇಡ, ಭಾಷಣ ಬೇಡ. ನಾಟಕ ನಾಲ್ಕಕ್ಕೆ ಎಂದರೆ ನಾಲ್ಕಕ್ಕೇ ಶುರುವಾಗಲಿ.

ಮಕ್ಕಳೇ, ನಿಮ್ಮ ಮೊದಲ ನಾಟಕದ ದಿನ ಗೊತ್ತಾದ ಮೇಲೆ ಊರಿನ ಬಸ್ ನಿಲ್ದಾಣದಲ್ಲಿ ಕೈಬರಹದ ಒಂದು ಹಾಳೆ ಅಂಟಿಸಿ, ಸುದ್ದಿ ನನ್ನವರೆಗೂ ಬರುತ್ತದೆ. ನನ್ನನ್ನು ಮುಖ್ಯ ಅತಿಥಿಯಾಗಿ ಕರೆಯಬೇಡಿ. ಮನೆಗೆ ಐದು ರೂಪಾಯಿಯಂತೆ ನನ್ನ ಪಾಲನ್ನೂ ಬರೆದುಕೊಳ್ಳಿ, ಉಳಿದವರ ಜೊತೆ ಚಾಪೆಯ ಮೇಲೆ ಕೂರುತ್ತೇನೆ. ನಾಟಕ ಹಿಡಿಸಿದರೆ ಯಾವ ದೃಶ್ಯ ಏಕೆ ಹಿಡಿಸಿತು ಎಂದು ಹೇಳುತ್ತೇನೆ, ಹಿಡಿಸದಿದ್ದರೆ ಅದನ್ನೂ ಬಚ್ಚಿಡದೆ ಹೇಳುತ್ತೇನೆ. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕೋ ಬೇಡವೋ ಎಂಬುದನ್ನು ನೀವು ಸಭೆಯಲ್ಲಿ ತೀರ್ಮಾನಿಸಿ.

ಇತಿ,
ನಿಮ್ಮ ನಾಟಕಕ್ಕಾಗಿ ಕಾದಿರುವ
ನಿಮ್ಮ ಸೀಮೆಯ ಒಬ್ಬ ಪ್ರೇಕ್ಷಕ